ಎತ್ತಿಗೆ ಹುರುಳಿ, ಅಪ್ಪನಿಗೆ ತಿಳಿಸಾರು

ನಮ್ಮ ಮಂಡ್ಯ ಸೀಮೆಯಲ್ಲಿ ವಯಸ್ಸಾದ ಅಪ್ಪ-ಅವ್ವನಿಗೆ ಮಕ್ಕಳು ತೋರುವ ಅತಿ ದೊಡ್ಡ ಪ್ರೀತಿ ಯಾವುದು ಗೊತ್ತೇ? ಕೂರಿಸುವುದು. ‘ಇಷ್ಟ್ ದಿನ ಗೇದಿದ್ದು ಸಾಕು, ಇನ್ನು ಸುಮ್ಕೆ ಕೂತ್ಕೊಳಪ್ಪ.’ ಜಗಲಿಯ ಮೇಲೊಂದು ಪ್ಲಾಸ್ಟಿಕ್ ಕುರ್ಚಿ, ಕೈಗೆ ಟೀವಿ ರಿಮೋಟು, ಕೂತಲ್ಲಿಗೇ ಕಾಫಿ, ಕೂತಲ್ಲಿಗೇ ತಟ್ಟೆ. ನಾನು ಫಿಸಿಯೊಥೆರಪಿಸ್ಟ್. ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಕಡೆ, ಸೇರಿದ ಮನೆ ಪಾಂಡವಪುರ. ಬೆಳಿಗ್ಗೆ ಪುಟ್ಟದೊಂದು ಕ್ಲಿನಿಕ್, ಮಧ್ಯಾಹ್ನದ ಮೇಲೆ ಸ್ಕೂಟರ್ ಹತ್ತಿ ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಿಗೆ. ಹಾಸಿಗೆ ಹಿಡಿದವರನ್ನು ಎಬ್ಬಿಸುವುದೇ ಕಸುಬಾದ ನನಗೆ ಆ ಕುರ್ಚಿ ಕಂಡರೆ ಸಿಟ್ಟು ಬರುತ್ತದೆ. ಸಿಟ್ಟು ಯಾಕೆ ಎಂದು ಹೇಳಬೇಕಾದರೆ ಮೊದಲು ಕಾಲಿನ ಮಾಂಸಖಂಡದೊಳಕ್ಕೆ ಹೋಗಬೇಕು.

ನಿಮ್ಮ ಮೀನಖಂಡವನ್ನೇ ಮುಟ್ಟಿ ನೋಡಿ. ಒಳಗಿರುವುದು ಕೂದಲೆಳೆಯಂಥ ಉದ್ದುದ್ದ ಜೀವಕೋಶಗಳು. ಒಂದೊಂದು ಕೋಶದಲ್ಲೂ ಅದಕ್ಕಿಂತ ಸಣ್ಣ ನೂರಾರು ಎಳೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯುದ್ದಕ್ಕೂ ಅಡ್ಡಪಟ್ಟೆ ಕಾಣುತ್ತದೆ. ಒಂದು ಮಿಲಿಮೀಟರಿನಲ್ಲಿ ಸುಮಾರು 400 ಪಟ್ಟೆ. ಈ ಒಂದೊಂದು ಪಟ್ಟೆಯ ಅಳತೆಗೆ ಸಾರ್ಕೋಮಿಯರ್ ಎನ್ನುತ್ತಾರೆ. ಅದರೊಳಗೆ ಎರಡು ಪ್ರೋಟೀನುಗಳ ಎಳೆಗಳು ಒಂದರ ನಡುವೆ ಒಂದು ತೂರಿಕೊಂಡಿವೆ: ತೆಳ್ಳಗಿನದು ಆಕ್ಟಿನ್, ದಪ್ಪದ್ದು ಮಯೋಸಿನ್. ದಪ್ಪ ಎಳೆಯ ಮೈಯಿಂದ ಸುಮಾರು 300 ಪುಟಾಣಿ ತಲೆಗಳು ಹೊರಚಾಚಿರುತ್ತವೆ. ಚಲನೆ ಎಂದು ನಾವು ಕರೆಯುವುದೆಲ್ಲ, ಕಣ್ಣೆವೆ ಮಿಟುಕಿಸುವುದರಿಂದ ಹಿಡಿದು ಕಬ್ಬಿನ ಹೊರೆ ಎತ್ತುವವರೆಗೆ, ಈ ತಲೆಗಳ ಕೆಲಸ.

ಗಡಗಡೆ ಬಾವಿಯಲ್ಲಿ ನೀರು ಸೇದಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಕೈ ಹಗ್ಗ ಹಿಡಿದು ಎಳೆಯುವಾಗ ಇನ್ನೊಂದು ಕೈ ಬಿಟ್ಟು, ಮುಂದೆ ಚಾಚಿ, ಮತ್ತೆ ಹಿಡಿಯುತ್ತದೆ. ಎರಡೂ ಕೈ ಒಟ್ಟಿಗೆ ಬಿಟ್ಟರೆ ಬಿಂದಿಗೆ ಬಾವಿಗೆ. ಮಯೋಸಿನ್ ತಲೆಗಳೂ ಹೀಗೆಯೇ ಆಕ್ಟಿನ್ ಹಗ್ಗವನ್ನು ಹಿಡಿಯುತ್ತವೆ, ಬಾಗಿ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಒಂದು ಎಳೆತಕ್ಕೆ ಹಗ್ಗ ಸರಿಯುವುದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು. ಕೋಟ್ಯಂತರ ತಲೆಗಳು ಸರದಿಯ ಮೇಲೆ ಎಳೆದಾಗ ಮೊಣಕಾಲು ಮಡಚುತ್ತದೆ.

ಇದು ಗೊತ್ತಾಗಿದ್ದು ಬಹಳ ಹಿಂದೇನಲ್ಲ. ಸ್ನಾಯು ಬಿಗಿಯುವಾಗ ಅದರೊಳಗಿನ ಪ್ರೋಟೀನು ತಾನೇ ಮಡಚಿಕೊಂಡು ಗಿಡ್ಡವಾಗುತ್ತದೆ ಎಂದು ನಂಬಿದ್ದ ಕಾಲವಿತ್ತು. 1954ರ ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ ಬರೆದದ್ದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಬರೆದದ್ದು. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ. ಬೇರೆ ಬೇರೆ ಕಡೆ ಕೂತು ಇಬ್ಬರೂ ಹೇಳಿದ್ದು ಒಂದೇ: ಎಳೆಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಮದರಾಸಿನಿಂದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯ ಬಗ್ಗೆ ಬರೆದರು. ಸ್ನಾಯುವನ್ನು ಮೂಳೆಗೆ ಬಿಗಿಯುವ ಕಂಡರೆ ಈ ಕೊಲಾಜೆನಿನದೇ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು, ಮುಂದೆ ಅಲ್ಲಿಯೇ ಆಣ್ವಿಕ ಜೀವಭೌತವಿಜ್ಞಾನದ ವಿಭಾಗ ಕಟ್ಟಿದವರು. ಎಳೆಯುವ ಹಗ್ಗದ ಕತೆ ಒಂದು ಕಡೆಯಿಂದ, ಅದನ್ನು ಕಟ್ಟಿದ ಗೂಟದ ಕತೆ ನಮ್ಮ ಕಡೆಯಿಂದ, ಒಂದೇ ವರ್ಷದಲ್ಲಿ ಬಂತು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಮಿದುಳಿನ ಅಪ್ಪಣೆ ನರದ ಮೂಲಕ ಬಂದಾಗ ಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಅದು ಟ್ರೊಪೋನಿನ್ ಎಂಬ ಪ್ರೋಟೀನಿಗೆ ಅಂಟಿ, ಆಕ್ಟಿನ್ ಮೇಲೆ ಮುಚ್ಚಿದ್ದ ಹಿಡಿಜಾಗವನ್ನು ತೆರೆಯುತ್ತದೆ. ಅಲ್ಲಿಗೆ ಎಳೆತ ಶುರು. ಇಷ್ಟು ಸಾಕು.

ಆದರೆ ಎಟಿಪಿಯ ವಿಷಯವನ್ನು ಹೀಗೆ ದಾಟಿಸಿಬಿಡಲು ಮನಸ್ಸಿಲ್ಲ. ಉಂಡ ಅನ್ನದಿಂದ ಮೈ ಕಟ್ಟಿಕೊಳ್ಳುವ ಇಂಧನದ ಅಣು ಅದು. ಒಂದು ಕ್ಷಣಕ್ಕೆ ಇಡೀ ಮೈಯಲ್ಲಿ ಇರುವುದು ನೂರು ಗ್ರಾಂ ಆಸುಪಾಸು. ದಿನವೊಂದಕ್ಕೆ ಒಡೆದು ಮತ್ತೆ ಕಟ್ಟುವ ಲೆಕ್ಕ ಹಿಡಿದರೆ ಹತ್ತಾರು ಕಿಲೊ. ಈ ಇಂಧನ ಹಿಡಿಯಲು ಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜದಲ್ಲಿ ಮಯೋಸಿನ್ ತಲೆ ಹಗ್ಗವನ್ನು ಬಿಡಬೇಕಾದರೆ ಹೊಸದೊಂದು ಎಟಿಪಿ ಬಂದು ಕೂರಲೇಬೇಕು. ಬರದಿದ್ದರೆ ಹಿಡಿದ ಕೈ ಹಿಡಿದಂತೆಯೇ ಉಳಿಯುತ್ತದೆ. ನಮ್ಮ ಹಳ್ಳಿಯ ಹಿರಿಯರಿಗೆ ಇದರ ಫಲ ಗೊತ್ತು. ಜೀವ ಹೋದ ತಕ್ಷಣ ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಕಾಲಿನ ಎರಡು ಹೆಬ್ಬೆರಳು ಸೇರಿಸಿ ಕಟ್ಟುತ್ತಾರೆ, ರೆಪ್ಪೆ ಮುಚ್ಚುತ್ತಾರೆ. ‘ಬೇಗ ಮಾಡ್ರಪ್ಪ, ಸೆಟ್ಕೊಂಡ್‌ಬುಡ್ತದೆ’ ಎಂಬ ಅವಸರ ಸುಮ್ಮನೆ ಬಂದದ್ದಲ್ಲ. ಉಸಿರು ನಿಂತ ಮೇಲೆ ಎಟಿಪಿ ಮುಗಿಯುತ್ತದೆ, ಮಯೋಸಿನ್ ತಲೆಗಳು ಕಚ್ಚಿಕೊಂಡು ನಿಲ್ಲುತ್ತವೆ, ಹೆಣ ಮರಗಟ್ಟುತ್ತದೆ. ಒಂದೆರಡು ದಿನ ಕಳೆದು ಪ್ರೋಟೀನುಗಳೇ ಕೊಳೆಯತೊಡಗಿದಾಗ ಸಡಿಲವಾಗುತ್ತದೆ.

ಬದುಕಿರುವವರ ಸ್ನಾಯುವಿಗೆ ಇನ್ನೊಂದು ಗುಣವಿದೆ. ಅದು ಎಳೆಯಬಲ್ಲದು, ನೂಕಲಾರದು. ಎಳೆಯುತ್ತಲೇ ಉದ್ದವಾಗಲೂ ಬಲ್ಲದು. ಇದನ್ನು ತಿಳಿಯಬೇಕಾದರೆ ನಮ್ಮ ತಾಲ್ಲೂಕಿನ ಮೇಲುಕೋಟೆಗೆ ಬನ್ನಿ. ಯೋಗನರಸಿಂಹನ ಬೆಟ್ಟ ಹತ್ತುವಾಗ ಏದುಸಿರು. ಮೆಟ್ಟಿಲಿಳಿಯುವಾಗ ಉಸಿರಿಗೇನೂ ತೊಂದರೆಯಿಲ್ಲ, ತೊಡೆ ಗಡಗಡ ನಡುಗುತ್ತದೆ. ಮಾರನೆಯ ದಿನ, ಅದರ ಮಾರನೆಯ ದಿನ ಪಾಯಿಖಾನೆಯಲ್ಲಿ ಕೂತು ಏಳಲಾಗದೆ ಒದ್ದಾಡುತ್ತಾರೆ. ಶ್ರೀರಂಗಪಟ್ಟಣದ ಕರಿಘಟ್ಟದ ಮೆಟ್ಟಿಲಿಳಿದವರ ಪಾಡೂ ಇದೇ. ‘ಹತ್ತಿದ್ದಕ್ಕೆ ಹಿಂಗಾಯ್ತು’ ಎನ್ನುತ್ತಾರೆ. ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತೊಡೆಯ ಮುಂಭಾಗದ ಸ್ನಾಯು ಇಡೀ ಮೈಭಾರವನ್ನು ತಡೆದುಕೊಂಡೇ ಉದ್ದವಾಗಬೇಕು, ತುಂಬಿದ ಬಿಂದಿಗೆಯನ್ನು ಕೈ ಬಿಡದೆ ಮೆಲ್ಲಗೆ ಕೆಳಗಿಳಿಸಿದ ಹಾಗೆ. ಆ ಸೆಣಸಾಟದಲ್ಲಿ ಅಲ್ಲಲ್ಲಿ ಸಾರ್ಕೋಮಿಯರುಗಳು ಕಿತ್ತುಹೋಗುತ್ತವೆ. ಮೈ ಅದನ್ನು ಕೆಲವೇ ದಿನಗಳಲ್ಲಿ ರಿಪೇರಿ ಮಾಡಿ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ವೈರಮುಡಿ ಉತ್ಸವಕ್ಕೆ ಬರುವ ಪಟ್ಟಣದವರು ನರಳುವ ಕಡೆ ಅಲ್ಲಿಯೇ ಹುಟ್ಟಿದ ಮುದುಕಿಯರು ಕೊಡ ಹೊತ್ತು ಇಳಿಯುವುದು ಅದಕ್ಕೇ.

ಕುರ್ಚಿಯಲ್ಲಿ ಮೆಲ್ಲಗೆ ಕೂರುವುದಕ್ಕೂ ಇದೇ ಬಲ ಬೇಕು. ನಿಮ್ಮ ತಂದೆ ಕೂರುವಾಗ ಕೊನೆಯ ಒಂದು ಗೇಣನ್ನು ಧೊಪ್ಪನೆ ಬೀಳುತ್ತಾರಾ? ಹಾಗಿದ್ದರೆ ತೊಡೆ ಸೋತಿದೆ. ರಕ್ತಪರೀಕ್ಷೆಗಿಂತ ಮುಂಚೆಯೇ ನಾನು ನೋಡುವುದು ಅದನ್ನು.

ಈಗ ಕೂರಿಸುವ ಪ್ರೀತಿಗೆ ಬರೋಣ. ಸ್ನಾಯು ಒಂದು ಸಲ ಕಟ್ಟಿ ಮುಗಿಸಿದ ಮನೆಯಲ್ಲ. ಅದರ ಪ್ರೋಟೀನಿನಲ್ಲಿ ದಿನಕ್ಕೆ ಶೇ 1ರಿಂದ 2ರಷ್ಟು ಒಡೆದುಹೋಗುತ್ತದೆ, ಅಷ್ಟೇ ಹೊಸದಾಗಿ ಸೇರುತ್ತದೆ. ಸೇರಬೇಕಾದರೆ ಎರಡು ಷರತ್ತು: ಎಳೆಯುವ ಕೆಲಸ ಬೀಳಬೇಕು, ಊಟದಲ್ಲಿ ಪ್ರೋಟೀನು ಬರಬೇಕು. ಕೆಲಸ ನಿಂತರೆ ಒಡೆಯುವುದು ನಿಲ್ಲುವುದಿಲ್ಲ, ಕಟ್ಟುವುದು ಕುಗ್ಗುತ್ತದೆ. ಅಮೆರಿಕದ ಆರ್ಕನ್ಸಾದಲ್ಲಿ ಆರೋಗ್ಯವಾಗಿದ್ದ, ಸರಾಸರಿ 67 ವಯಸ್ಸಿನ 12 ಜನರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೊ ಮಾಂಸ ಮಾಯ. ಅವರಿಗೆ ಕಾಯಿಲೆಯಿರಲಿಲ್ಲ, ಊಟ ಸಾಕಷ್ಟಿತ್ತು. ಹತ್ತೇ ದಿನ.

ಕಿಕ್ಕೇರಿ ಕಡೆಯ ಹಿರಿಯರೊಬ್ಬರು, ಆಯುಷ್ಯವೆಲ್ಲ ಕಬ್ಬು ಕಡಿದು ಲಾರಿಗೆ ತುಂಬಿದವರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಬೆಡ್ ರೆಸ್ಟ್’ ಎಂದು ಬರೆದಿತ್ತು. ಎಷ್ಟು ದಿನ ಎಂದು ಬರೆದಿರಲಿಲ್ಲ. ಮಗ, ಸೊಸೆ ಇಬ್ಬರೂ ಬಂಗಾರದಂಥವರು. ಎರಡು ತಿಂಗಳು ಅವರನ್ನು ನೆಲಕ್ಕೆ ಕಾಲಿಡಗೊಡಲಿಲ್ಲ. ನಾನು ಹೋದಾಗ ಮೂಳೆ ಕೂಡಿಕೊಂಡಿತ್ತು, ತೊಡೆ ಇರಲಿಲ್ಲ. ನನ್ನ ಎರಡು ಕೈಯ ಹಿಡಿಯಲ್ಲಿ ಸಲೀಸಾಗಿ ಸಿಕ್ಕುವಷ್ಟು ಸೊರಗಿತ್ತು. ‘ಕಾಲ್ನಾಗೆ ಜೀವ್ವೇ ಇಲ್ಲ ಕಣವ್ವ’ ಎಂದರು. ತಿಂಗಳುಗಟ್ಟಲೆ ಏಳಿಸಿ ಕೂರಿಸಿ, ಕೊನೆಗೆ ಕೋಲು ಹಿಡಿದು ಬೀದಿಯ ಅರಳಿಕಟ್ಟೆಯವರೆಗೆ ಹೋಗುವ ಹಾಗಾದರು. ಗದ್ದೆ ಬಯಲಿಗೆ ಹೋಗಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು. ಮೊದಲ ವಾರದಲ್ಲೇ ನಿಲ್ಲಿಸಿದ್ದರೆ? ಬಹುಪಾಲು ಸೊಂಟದ ಆಪರೇಷನ್ ಆದವರನ್ನು ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸುವುದು ಇವತ್ತಿನ ಪದ್ಧತಿ.

ವಯಸ್ಸಿನ ಪಾತ್ರವೇ ಇಲ್ಲ ಎನ್ನುತ್ತಿಲ್ಲ. ಸ್ನಾಯುಕೋಶಗಳಲ್ಲಿ ನಿಧಾನಿಗಳೂ ಚುರುಕಿನವೂ ಇವೆ. ನಿಧಾನಿಗಳು ದಿನವಿಡೀ ನಿಲ್ಲಲು, ನಡೆಯಲು. ಚುರುಕಿನವು ಗದ್ದೆಯ ಬದುವಿನ ಮೇಲೆ ಕಾಲು ಜಾರಿದಾಗ ಥಟ್ಟನೆ ಇನ್ನೊಂದು ಕಾಲೂರಿ ಉಳಿಸಿಕೊಳ್ಳಲು. ಮುಪ್ಪಿನಲ್ಲಿ ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ಅವುಗಳ ಕೈಕೆಳಗಿದ್ದ ಸ್ನಾಯುಕೋಶಗಳು ತಬ್ಬಲಿಯಾಗುತ್ತವೆ. ಕೆಲವನ್ನು ಪಕ್ಕದ ನರ ಸಾಕಿಕೊಳ್ಳುತ್ತದೆ, ಉಳಿದವು ಬಾಡುತ್ತವೆ. ಹೆಚ್ಚು ಸೊರಗುವುದು ಚುರುಕಿನವು. ಅದಕ್ಕೇ ಮುದುಕರು ನಡೆಯುತ್ತಾರೆ, ಆದರೆ ಎಡವಿದರೆ ಬಿದ್ದೇ ಬೀಳುತ್ತಾರೆ. ‘ದಿನಾ ವಾಕಿಂಗ್ ಮಾಡ್ತೀನಲ್ಲ’ ಎಂಬ ಮಾತು ಅರ್ಧ ಸಮಾಧಾನವಷ್ಟೇ. ಚುರುಕಿನ ಕೋಶಗಳನ್ನು ಎಚ್ಚರಿಸಲು ಭಾರ ಬೇಕು, ಬಸ್ಕಿ ಬೇಕು.

ಬಸ್ಕಿ ಎಂದರೆ ನಗುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸುತ್ತಿದ್ದದ್ದೇ ಎಲ್ಲರಿಗೂ ನೆನಪು. ಶ್ರೀರಂಗಪಟ್ಟಣದ ಗರಡಿಗಳಲ್ಲಿ ಸಾಮು ಮಾಡಿದವರು ನಗುವುದಿಲ್ಲ. ಗಂಜಾಮಿನ ಹತ್ತಿರ ಒಬ್ಬರು ಹಳೆಯ ಪೈಲ್ವಾನರಿದ್ದಾರೆ, ದಸರಾ ಕುಸ್ತಿಗೆ ಇಳಿದಿದ್ದವರು, ಈಗ ಮೊಮ್ಮಕ್ಕಳ ಮದುವೆ ಮಾಡಿದ್ದಾರೆ. ಮೊಣಕಾಲು ನೋವೆಂದು ಬಂದಾಗ ನಾನು ವ್ಯಾಯಾಮ ಹೇಳಿಕೊಡಲು ಹೊರಟರೆ, ಅವರೇ ಕಿಟಕಿ ಸರಳು ಹಿಡಿದು ಹತ್ತು ಬಸ್ಕಿ ಹೊಡೆದು ತೋರಿಸಿ ‘ಇದ್ ತಾನೆ?’ ಎಂದರು. ಇದೇ. ಈಗಾಗಲೇ ತಡವಾಯಿತು ಎನ್ನುವವರಿಗೆ 1990ರ ಇನ್ನೊಂದು ಪ್ರಯೋಗ ಹೇಳುತ್ತೇನೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವಯಸ್ಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತು. ತೊಂಬತ್ತರಲ್ಲೂ ಮಯೋಸಿನ್ ಕಟ್ಟುವ ಕಾರ್ಖಾನೆ ಬಾಗಿಲು ಹಾಕಿರುವುದಿಲ್ಲ, ಕೆಲಸ ಬರಲಿ ಎಂದು ಕಾಯುತ್ತಿರುತ್ತದೆ ಅಷ್ಟೆ.

ಇನ್ನು ಊಟ. ನಮ್ಮ ನಾಗಮಂಗಲದ ಕಡೆ ಹಳ್ಳಿಕಾರ್ ಎತ್ತು ಸಾಕುವವರ ಮನೆಗೆ ಹೋಗಿ ನೋಡಿ. ಹುರುಳಿ ಬೇಯಿಸಿ, ಬೂಸ ಕಲಸಿ ಎತ್ತಿಗೆ ಇಡುತ್ತಾರೆ. ಓಟದ ಎತ್ತಾದರೆ ಅದರ ಉಪಚಾರವೇ ಬೇರೆ. ಬಹಳ ದಿನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತನ್ನು ಏಕಾಏಕಿ ನೊಗಕ್ಕೆ ಹೂಡಬಾರದು ಎಂದೂ ಅವರಿಗೆ ಗೊತ್ತು. ಅದೇ ಮನೆಯ ಜಗಲಿಯಲ್ಲಿ ಕೂತ ಅಪ್ಪನಿಗೆ ಬರುವುದು ಮೆತ್ತಗಿನ ಅನ್ನ, ತಿಳಿಸಾರು. ‘ವಯಸ್ಸಾದೋರ್ಗೆ ಕಾಳು ಅರಗಲ್ಲ.’ ಎತ್ತಿನ ಮಾಂಸಖಂಡದಲ್ಲಿರುವುದೂ ಆಕ್ಟಿನ್, ಮಯೋಸಿನ್ನೇ, ಅಪ್ಪನಲ್ಲಿರುವುದೂ ಅದೇ. ಒಂದಕ್ಕೆ ಗೊತ್ತಿರುವ ವಿದ್ಯೆ ಇನ್ನೊಂದಕ್ಕೆ ಯಾಕೆ ಮರೆತುಹೋಗುತ್ತದೋ.

ರಾಗಿಯ ಮೇಲೆ ನನ್ನ ದೂರಿಲ್ಲ. ಮುದ್ದೆಯಿಲ್ಲದ ದಿನ ನನಗೆ ಉಂಡ ಹಾಗೇ ಆಗುವುದಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನು 7 ಗ್ರಾಂ. ಹುರುಳಿಯಲ್ಲಿ ಸುಮಾರು 22. ರಾಗಿಯಲ್ಲೂ ಅಕ್ಕಿಯಲ್ಲೂ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಮುದ್ದೆಗೆ ಅವರೆಕಾಳು, ಹುರುಳಿ, ಅಲಸಂದೆ ಜೊತೆಯಾದದ್ದು ರುಚಿಗಷ್ಟೇ ಅಲ್ಲ. ನಾನು ಚಿಕ್ಕವಳಿದ್ದಾಗ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ತಪ್ಪದೆ ಇರುತ್ತಿದ್ದವು. ನಾಲೆ ನೀರಿನ ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ಭತ್ತ, ಕಬ್ಬಿನ ನಡುವೆ ಕಾಳಿಗೆ ಜಾಗವಿಲ್ಲ. ಕಾಳು ಅಂಗಡಿಯಿಂದ ಬರಬೇಕು, ಕಾಸು ಕೊಟ್ಟು ತಂದದ್ದು ಮೊದಲು ಮಕ್ಕಳ ತಟ್ಟೆಗೆ. ಉಪ್ಸಾರು ಮಾಡಿದ ಮನೆಯಲ್ಲೂ ಹಲ್ಲಿಲ್ಲದ ಅಜ್ಜಿಗೆ ಕಟ್ಟು ಮಾತ್ರ ಬಡಿಸುತ್ತಾರೆ. ಪ್ರೋಟೀನೆಲ್ಲ ಕಾಳಿನ ಜೊತೆ ಪಲ್ಯವಾಗಿ ಬೇರೆಯವರಿಗೆ ಹೋಗಿರುತ್ತದೆ. ಆ ಕಾಳನ್ನೇ ಮೆತ್ತಗೆ ಮಸೆದುಕೊಡಿ. ಹಿತಕಿದ ಬೇಳೆ ಮಾಡಿ, ನುಚ್ಚಿನುಂಡೆ ಬೇಯಿಸಿ. ತಿನ್ನುವವರಾದರೆ ಮೊಟ್ಟೆ ಕೊಡಿ, ಒಂದರಲ್ಲಿ 6 ಗ್ರಾಂ ಬರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ವಯಸ್ಕರಿಗೆ ಮೈತೂಕದ ಕಿಲೊಗೆ 0.83 ಗ್ರಾಂ ಪ್ರೋಟೀನು ಬೇಕು. ಐವತ್ತು ಕಿಲೊ ತೂಕದ ಅಜ್ಜಿಗೆ ನಲವತ್ತು ಗ್ರಾಂಗೆ ಸ್ವಲ್ಪ ಮೇಲೆ. ವಯಸ್ಸಾದವರ ಸ್ನಾಯು ಅಷ್ಟೇ ಊಟಕ್ಕೆ ಮೊದಲಿನಷ್ಟು ಸ್ಪಂದಿಸುವುದಿಲ್ಲವಾದ್ದರಿಂದ ಕಿಲೊಗೆ 1ರಿಂದ 1.2 ಗ್ರಾಂ ಕೊಡಿ ಎನ್ನುವ ತಜ್ಞರಿದ್ದಾರೆ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಏರಿಸಬೇಡಿ. ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿತು, ಒಳ್ಳೆಯದಾಯಿತು. ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಸೇರಿದ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದಾಗ ‘ಅಕ್ಕಿ ಕಿತ್ಕೊಂಡ್ರು’ ಎಂದು ಗೊಣಗಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ನನ್ನ ಮತ ಬೇಳೆಗೆ.

ತಟ್ಟೆಯಿಂದ ಮತ್ತೆ ತೊಡೆಗೆ ಬರೋಣ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಧರ್ಮಸ್ಥಳ, ಮಲೆ ಮಾದೇಶ್ವರ ಬೆಟ್ಟ ಎಂದು ನಮ್ಮ ಅಜ್ಜಿಯರು ಹೊರಟದ್ದನ್ನು ನೋಡಿ ಖುಷಿಪಟ್ಟವಳು ನಾನು. ಆದರೆ ಕೆ.ಆರ್.ಪೇಟೆ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತರೆ ಸಾಕು, ಟಿಕೆಟ್ಟಿಗಿಂತ ದೊಡ್ಡ ತಡೆ ಬಸ್ಸಿನ ಮೊದಲ ಮೆಟ್ಟಿಲು ಎಂದು ಗೊತ್ತಾಗುತ್ತದೆ. ಎರಡು ಕೈಯಲ್ಲೂ ಕಂಬಿ ಹಿಡಿದು, ಹಿಂದಿನಿಂದ ಯಾರಾದರೂ ನೂಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಮೆಟ್ಟಿಲನ್ನು ಸಾರಿಗೆ ಸಂಸ್ಥೆ ತಗ್ಗಿಸಲಿ. ತೊಡೆಯನ್ನು ಗಟ್ಟಿ ಮಾಡುವ ಕೆಲಸ ಆರೋಗ್ಯ ಇಲಾಖೆಯದು.

ಅದು ದುಬಾರಿ ಕೆಲಸವೇನಲ್ಲ. ಸ್ನಾಯು ಕ್ಷಯಿಸುವುದನ್ನು ಗುರುತಿಸಲು ಏಷ್ಯಾದ ತಜ್ಞರ ತಂಡ 2019ರಲ್ಲಿ ಒಪ್ಪಿದ ಅಳತೆಗಳಿವೆ. ಮೀನಖಂಡದ ಸುತ್ತಳತೆ ಗಂಡಸರಲ್ಲಿ 34 ಸೆಂಟಿಮೀಟರಿಗಿಂತ, ಹೆಂಗಸರಲ್ಲಿ 33ಕ್ಕಿಂತ ಕಡಿಮೆಯಿದ್ದರೆ ಎಚ್ಚರ. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೂ ಎಚ್ಚರ. ಇದಕ್ಕೆ ಬೇಕಾಗುವುದು ದರ್ಜಿಯ ಟೇಪು, ಒಂದು ಕುರ್ಚಿ, ಒಂದು ಗಡಿಯಾರ. ಬಿಪಿ, ಶುಗರ್ ಕೇಳಿಕೊಂಡು ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯೇ ಇದನ್ನೂ ನೋಡಬಹುದು. ಹಾಗೆಂದು ಅವರ ಹೆಗಲಿಗೆ ಇನ್ನೊಂದು ಮೂಟೆ ಪುಕ್ಕಟೆ ಹೊರಿಸಬಾರದು. ಪ್ರತಿ ಮನೆಗೆ ಇಷ್ಟು ಎಂದು ದುಡ್ಡು ಕಟ್ಟಿ. ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಹದಿನೈದು ವರ್ಷವಾಯಿತು, ಅದರ ಕಾಗದದಲ್ಲಿ ಫಿಸಿಯೊಥೆರಪಿಯೂ ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜಿದೆ, ಮಂಡ್ಯದಲ್ಲಿ ಸರ್ಕಾರದ್ದೇ ಇದೆ. ವಿದ್ಯಾರ್ಥಿಗಳು ಹಳ್ಳಿ ಶಿಬಿರಕ್ಕೆ ಬಂದಾಗ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವ ಮೊದಲು ಹತ್ತು ಅಜ್ಜಂದಿರನ್ನು ಎಬ್ಬಿಸಿ ಕೂರಿಸಲಿ.

‘ಬಿದ್ರೆ ಯಾರ್ ಹೊಣೆ?’ ಎಂದು ಮಗ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿಡಿ, ಪಕ್ಕದಲ್ಲಿ ಕಿಟಕಿ ಸರಳು ಇರಲಿ, ಒಬ್ಬರು ಹತ್ತಿರ ನಿಲ್ಲಿ. ಹಾಸಿಗೆಯಿಂದ ಎದ್ದ ಕೂಡಲೇ ಬೇಡ, ತಲೆಸುತ್ತು ಬರಬಹುದು. ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿರಲಿ. ಏಳುವುದು ಹೇಗಾದರೂ ಆಗಲಿ, ಕೂರುವಾಗ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿಕೊಂಡು ಮೆಲ್ಲಗೆ ಕೂರಲಿ. ಎದೆನೋವು, ಹೃದಯದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಕೊಂಡು ಶುರು ಮಾಡಲಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಪಾಂಡವಪುರ ತಾಲ್ಲೂಕಿನ ಯಾವುದಾದರೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದವರು ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸುವುದಾದರೆ ನಾನು ಬರಲು ತಯಾರಿದ್ದೇನೆ. ಸಂಬಳ ಬೇಡ, ಪೆಟ್ರೋಲಿಗೆ ಕೊಟ್ಟರೆ ಸಾಕು. ಟೇಪು ನಾನೇ ತರುತ್ತೇನೆ.